ಬೈದು ಸುಮ್ಮನಾದರೆ ಅದು ದೂರಲ್ಲ



ದೂರು ಎಂದರೇನೆಂದು ಹೋಟೆಲಿನಲ್ಲಿ ದುಡಿಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಂಬಾರು ತಣ್ಣಗಿತ್ತೆಂದು ಗಿರಾಕಿ ಗಲ್ಲಾದ ಮುಂದೆ ನಿಂತು ನಾಲ್ಕು ಮಾತಾಡಿದರೆ ಸಾಕು, ಸಪ್ಲೈಯರನಿಗೆ ಕರೆ ಬರುತ್ತದೆ. ಕಾರ್ಖಾನೆಯಲ್ಲಿ ಒಂದು ಹೊಲಿಗೆ ತಪ್ಪಿದರೆ ಪೀಸು ವಾಪಸು ನಮ್ಮ ಮುಂದೆಯೇ ಬಂದು ಬೀಳುತ್ತದೆ. ನಮ್ಮ ಕೆಲಸದ ಮೇಲೆ ದೂರು ಹೇಳುವುದಕ್ಕೆ ಎಲ್ಲರಿಗೂ ದಾರಿಯಿದೆ. ಆದರೆ ನಾವು ಹಣ ಕೊಟ್ಟು ಮಾಡಿಸಿಕೊಂಡ ಕೆಲಸ ಕೆಟ್ಟರೆ? ಆಗ ಮಾತ್ರ ಹಣೆಬರಹವೆಂದು ಸುಮ್ಮನಾಗುತ್ತೇವೆ. ಪಶುವೈದ್ಯರ ವಿಷಯದಲ್ಲಂತೂ ಈ ಮೌನ ನಮ್ಮನ್ನು ಮುಳುಗಿಸುತ್ತಿದೆ.

ಗುರುಗ್ರಾಮದಲ್ಲಿರುವ ನಮಗೆ ದನದ ಡಾಕ್ಟರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನಾವು ಇಲ್ಲಿ ಉಳಿಸಿ ಕಳಿಸಿದ ದುಡ್ಡು ಊರಿನಲ್ಲಿ ಏನಾಗಿದೆ ಎಂದು ಅವರು ಒಮ್ಮೆ ನೆನೆಯಲಿ. ಹಾಸನವಿರಲಿ, ಮಂಡ್ಯವಿರಲಿ, ಬಹಳ ಮನೆಗಳಲ್ಲಿ ಅದು ಕೊಟ್ಟಿಗೆಯ ಹಸುವಾಗಿದೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಕುವ ಹಾಲಿನಿಂದಲೇ ಮಕ್ಕಳ ಶಾಲೆ, ಮುದುಕರ ಔಷಧಿ ನಡೆಯುತ್ತದೆ. ಇಲ್ಲಿಯೂ ಅಷ್ಟೇ. ಝಾಡ್ಸಾ, ಚಕ್ಕರ್‌ಪುರಗಳಂಥ ಹಳೆಯ ಹಳ್ಳಿಗಳ ಸುತ್ತ ಬಹುಮಹಡಿ ಕಟ್ಟಡಗಳು ಎದ್ದಿವೆ. ಮಹಡಿಯ ಮೇಲಿನ ನಾಯಿಗೆ ಹವಾನಿಯಂತ್ರಿತ ಚಿಕಿತ್ಸಾಲಯವಿದೆ, ರಶೀದಿಯಿದೆ, ಬೇಕಾದರೆ ವಕೀಲರೂ ಇದ್ದಾರೆ. ಒಂದೆರಡು ಎಮ್ಮೆಯಿಂದ ಬದುಕುವ ಹಾಲಿನವನಿಗೆ ಇವುಗಳಲ್ಲಿ ಯಾವುದಿದೆ?

ಊರಿನಿಂದ ಫೋನು ಬರುವ ಬಗೆ ನಮಗೆಲ್ಲ ಗೊತ್ತು. ರಾತ್ರಿ ಹಸು ಮೇವು ಬಿಟ್ಟಿತು. ಯಾರೋ ಬೈಕಿನಲ್ಲಿ ಬಂದರು, ಎರಡು ಸೂಜಿ ಚುಚ್ಚಿದರು, ಹಣ ಎಣಿಸಿಕೊಂಡು ಹೋದರು. ಚೀಟಿಯಿಲ್ಲ, ಔಷಧಿಯ ಹೆಸರಿಲ್ಲ. ಬೆಳಗಾಗುವಷ್ಟರಲ್ಲಿ ಹಸು ಸತ್ತಿತು, ಮಧ್ಯಾಹ್ನಕ್ಕೆ ಗುಂಡಿ ಮುಚ್ಚಿತು. ‘ಅದರ ಆಯುಸ್ಸು ಅಷ್ಟೇ’ ಎಂದು ಹಿರಿಯರು ಸಮಾಧಾನ ಹೇಳಿದರು. ಹಸುವಿನ ಆಯುಸ್ಸು ಮುಗಿಯಿತು. ಸಾಲದ ಆಯುಸ್ಸು ಮುಗಿಯಿತೇ?

ಇಲ್ಲಿ ನಾವು ಮಾಡುವುದು ಎರಡೇ. ಒಂದೋ ಬೈದು ಸುಮ್ಮನಾಗುತ್ತೇವೆ, ಇಲ್ಲವೇ ನಾಲ್ಕು ಜನ ಸೇರಿ ಆಸ್ಪತ್ರೆಗೆ ನುಗ್ಗಿ ಕೈಮಾಡುತ್ತೇವೆ. ಎರಡೂ ತಪ್ಪು ಮಾಡಿದವನಿಗೇ ಅನುಕೂಲ. ಮೊದಲನೆಯದರಲ್ಲಿ ಅವನ ಮೇಲೆ ಒಂದು ಕಾಗದವೂ ಹುಟ್ಟುವುದಿಲ್ಲ. ಎರಡನೆಯದರಲ್ಲಿ ಹುಟ್ಟುವ ಕಾಗದ ನಮ್ಮ ಮೇಲಿನ ಪೊಲೀಸ್ ಕೇಸು. ಸಿಟ್ಟು ದೂರಲ್ಲ. ಬರೆದು, ರುಜು ಹಾಕಿ, ಸರಿಯಾದ ಬಾಗಿಲಿಗೆ ಕೊಟ್ಟು, ಸ್ವೀಕೃತಿ ಪಡೆದದ್ದು ಮಾತ್ರ ದೂರು.

ಕಾನೂನು ಇಲ್ಲವೆಂದು ಯಾರೂ ಹೇಳಬಾರದು. 1984ರಲ್ಲೇ ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮ ಬಂದಿದೆ. ಈ ಕಾನೂನು ಬೇಕೆಂದು ಮೊದಲು ಠರಾವು ಮಾಡಿದ ಐದು ರಾಜ್ಯಗಳಲ್ಲಿ ಹರಿಯಾಣವೂ ಒಂದು. ಪದವಿ ಪಡೆದು ಪರಿಷತ್ತಿನಲ್ಲಿ ನೋಂದಾಯಿಸಿದವನೇ ಪಶುವೈದ್ಯ. ಲಸಿಕೆ ಹಾಕುವುದು, ಗಾಯ ಕಟ್ಟುವುದು ಮುಂತಾದ ಸಣ್ಣ ಕೆಲಸಗಳನ್ನು ತರಬೇತಾದ ಸಹಾಯಕರು, ಸರ್ಕಾರದ ಅಪ್ಪಣೆಯಂತೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಆದರೆ ಚೀಲ ಹಿಡಿದು ಬಂದವರನ್ನೆಲ್ಲ ಊರಿನಲ್ಲಿ ನಾವು ‘ಡಾಕ್ಟ್ರು’ ಎನ್ನುತ್ತೇವೆ, ಇಲ್ಲಿಯವರು ‘ಡಾಕ್ಟರ್‌ಸಾಬ್’ ಎನ್ನುತ್ತಾರೆ. ಆದ್ದರಿಂದ ಮೊದಲ ಪ್ರಶ್ನೆ: ಬಂದವರು ಯಾರು? ಹೆಸರೇನು? ನೋಂದಣಿ ಸಂಖ್ಯೆ ಯಾವುದು? ಇದನ್ನು ಕೇಳುವುದು ಅಗೌರವವಲ್ಲ. ಓದಿ ಬಂದ ವೈದ್ಯರು ಹೇಳುತ್ತಾರೆ. ಹೇಳದವನನ್ನು ಕೊಟ್ಟಿಗೆಗೆ ಬಿಡಬೇಡಿ.

ಇನ್ನು ಬಾಗಿಲುಗಳು ಮೂರು. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಮೊದಲನೆಯದು ರಾಜ್ಯ ಪಶುವೈದ್ಯ ಪರಿಷತ್ತು. ಹರಿಯಾಣದ್ದು ಪಂಚಕುಲದಲ್ಲಿದೆ, ನಮ್ಮ ಕರ್ನಾಟಕದ್ದು ಬೆಂಗಳೂರಿನಲ್ಲಿದೆ. ವೃತ್ತಿಗೆ ಸಲ್ಲದ ನಡತೆಯ ದೂರು ಹೋಗಬೇಕಾದದ್ದು ಅಲ್ಲಿಗೆ. ವಿಚಾರಣೆಯಲ್ಲಿ ದೋಷ ರುಜುವಾತಾದರೆ ವೈದ್ಯರ ಹೆಸರನ್ನು ನೋಂದಣಿ ಪುಸ್ತಕದಿಂದಲೇ ತೆಗೆಯುವ ಅಧಿಕಾರ ಅದಕ್ಕಿದೆ. ಆದರೆ ಸತ್ತ ಹಸುವಿನ ಬೆಲೆಯನ್ನು ಅದು ಕೊಡಿಸುವುದಿಲ್ಲ.

ಬೆಲೆ ಕೇಳುವ ಜಾಗ ಎರಡನೆಯ ಬಾಗಿಲು, ಜಿಲ್ಲಾ ಗ್ರಾಹಕ ಆಯೋಗ. ಫೀ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಅಲಕ್ಷ್ಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರು ಇರಲೇಬೇಕೆಂದಿಲ್ಲ. ಚಿಕಿತ್ಸೆಗೆ ತೆತ್ತ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ‘ಹಾಲು ಮಾರುವವನು ವ್ಯಾಪಾರಿ, ಗ್ರಾಹಕನಲ್ಲ’ ಎಂದು ಎದುರು ಪಕ್ಷದವರು ವಾದ ಹೂಡಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದನ್ನು ಆ ಕಾನೂನೇ ವ್ಯಾಪಾರದಿಂದ ಬೇರೆಯಾಗಿ ಎಣಿಸಿದೆ. ನಮ್ಮಂಥವರಿಗೆ ಇನ್ನೂ ಒಂದು ಅನುಕೂಲವಿದೆ: ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ದೂರಿಗಾಗಿ ರಜೆ ಹಾಕಿ, ಸಂಬಳ ಕಳೆದುಕೊಂಡು ಊರಿಗೆ ಓಡಬೇಕಾಗಿಲ್ಲ.

ಮೂರನೆಯದು ಸರ್ಕಾರಿ ಆಸ್ಪತ್ರೆಯ ಬಾಬತ್ತು. ಎಲ್ಲರಿಗೂ ಉಚಿತವಾಗಿ ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡದೆಂದು, ಮನುಷ್ಯರ ವೈದ್ಯರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದೆ. ಆದುದರಿಂದ ಅಲ್ಲಿ ದೂರು ಪಶುಸಂಗೋಪನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ, ಪ್ರತಿ ಪರಿಷತ್ತಿಗೆ. ಆಸ್ಪತ್ರೆಯ ದಾಖಲೆಯ ನಕಲನ್ನು 2005ರ ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಿ. ಆದರೆ ಇದೆಂಥ ನ್ಯಾಯ? ದುಡ್ಡು ಕೊಟ್ಟವನಿಗೆ ಪರಿಹಾರದ ಕೋರ್ಟು, ಕೊಡಲಾರದವನಿಗೆ ಮೇಲಧಿಕಾರಿಯ ಮೇಜು! ಈ ಭೇದ ಹೋಗಬೇಕೆಂದು ನಾವು ಒತ್ತಾಯಿಸುತ್ತೇವೆ.

ಯಾವ ಬಾಗಿಲಾದರೂ ಕೇಳುವುದು ಒಂದೇ: ಕಾಗದ ಎಲ್ಲಿ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಹೂಳಿದ ಮೇಲೆ ಸಾಕ್ಷ್ಯ ಹುಡುಕಿ ಫಲವಿಲ್ಲ. ಈ ರಾತ್ರಿಯೇ ಮನೆಗೆ ಫೋನು ಮಾಡಿ ಹೇಳಿ. ಔಷಧಿಯ ಚೀಟಿ ಬರೆಸಿಕೊಳ್ಳಲಿ. ರಶೀದಿ ಕೊಡದಿದ್ದರೆ ಫೀಯನ್ನು ನಗದಾಗಿ ಕೊಡದೆ ಫೋನಿನಲ್ಲೇ ಕಳಿಸಲಿ, ಲೆಕ್ಕ ಉಳಿಯುತ್ತದೆ. ಖಾಲಿ ಸೀಸೆಗಳನ್ನು ಎಸೆಯದಿರಲಿ. ಹಸುವಿನ ಮತ್ತು ಕಿವಿಯೋಲೆಯ ಸಂಖ್ಯೆಯ ಚಿತ್ರ ತೆಗೆದಿಡಲಿ. ಸತ್ತರೆ ಹೂಳುವ ಮೊದಲು ಸರ್ಕಾರಿ ವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ ವರದಿ ಪಡೆಯಲಿ. ವಿಮೆಯಿದ್ದರೆ ಕಂಪೆನಿಗೂ ಆಗಲೇ ತಿಳಿಸಲಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬರಹದಲ್ಲಿ ಸಿಕ್ಕರೆ ದೂರಿಗೆ ಬಲ ಬರುತ್ತದೆ. ಅರ್ಜಿಯಲ್ಲಿ ಬೈಗುಳ ಬೇಡ. ಯಾವ ದಿನ, ಎಷ್ಟು ಗಂಟೆಗೆ, ಯಾರು ಬಂದರು, ಏನು ಕೊಟ್ಟರು, ಆಮೇಲೆ ಏನಾಯಿತು, ನಷ್ಟವೆಷ್ಟು, ಏನು ಪರಿಹಾರ ಬೇಕು, ಇಷ್ಟು ಸಾಕು.

‘ಡಾಕ್ಟರನ್ನು ಎದುರು ಹಾಕಿಕೊಂಡರೆ ನಾಳೆ ಕರೆದಾಗ ಬರುತ್ತಾರೆಯೇ?’ ಎನ್ನುವವರಿದ್ದಾರೆ. ಮಾಲೀಕರನ್ನು ಎದುರು ಹಾಕಿಕೊಂಡರೆ ಕೆಲಸ ಉಳಿಯುತ್ತದೆಯೇ ಎಂದು ಸಂಘ ಕಟ್ಟುವಾಗಲೂ ಇದೇ ಬಾಯಿಗಳು ಕೇಳಿದ್ದವು. ಒಬ್ಬನೇ ಹೋದರೆ ಆ ಭಯ ನಿಜ. ಅದಕ್ಕೇ ಒಬ್ಬನೇ ಹೋಗಬಾರದು. ಊರಿನ ಹಾಲಿನ ಸೊಸೈಟಿಯ ಸದಸ್ಯರು ಜೊತೆಗೆ ರುಜು ಹಾಕಲಿ. ಇಲ್ಲಿ ನಮ್ಮಲ್ಲಿ ಹಿಂದಿ ಬಲ್ಲವರು ನೆರೆಯ ಹಾಲಿನವನ ಅರ್ಜಿಯನ್ನೂ ಬರೆದುಕೊಡಲಿ.

ಒಂದು ಮಾತು ಸ್ಪಷ್ಟವಿರಲಿ. ಸತ್ತ ಪ್ರತಿಯೊಂದು ಹಸುವಿಗೂ ವೈದ್ಯರು ಹೊಣೆಯಲ್ಲ. ತಕ್ಕ ಎಚ್ಚರದಿಂದ ಚಿಕಿತ್ಸೆ ಮಾಡಿಯೂ ಪ್ರಾಣ ಉಳಿಯದಿರಬಹುದು. ನಡುರಾತ್ರಿಯಲ್ಲಿ ಕೆಸರು ತುಳಿದು ಬಂದು ಕರು ಎಳೆಯುವ ವೈದ್ಯರೂ ನಮ್ಮ ಹಾಗೆಯೇ ದುಡಿಯುವವರು. ಅವರಿಗೆ ನಮ್ಮ ನಮಸ್ಕಾರ. ದೂರು ಅವರ ಮೇಲಲ್ಲ. ನಕಲಿ ವೈದ್ಯನೂ ಅಲಕ್ಷ್ಯಗಾರನೂ ಹೊರಗೆ ಹೋದರೆ ಆ ಒಳ್ಳೆಯವರ ಮರ್ಯಾದೆಯೇ ಉಳಿಯುತ್ತದೆ.

ಪ್ರತಿಯೊಂದು ಪಶು ಆಸ್ಪತ್ರೆಯ ಗೋಡೆಯ ಮೇಲೆ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ದೂರು ಕೊಡುವ ವಿಳಾಸ, ಇಷ್ಟನ್ನು ಜನರ ನುಡಿಯಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು. ಪ್ರತಿ ಚಿಕಿತ್ಸೆಗೂ ಚೀಟಿ ಕೊಡಬೇಕು. ನಾವು ಕೇಳುವುದು ಇದನ್ನೇ. ಇದಕ್ಕೆ ಖಜಾನೆ ಬರಿದಾಗದು. ಆದರೆ ಕೇಳದೆ ಯಾರೂ ಕೊಡಲಾರರು. ಅಳದಿದ್ದರೆ ತಾಯಿಯೂ ಹಾಲು ಕೊಡಳು. ಪಶು ಮೂಕ, ಅದಕ್ಕೆ ಬಾಯಿಲ್ಲ. ನಮಗಿದೆ. ಬಂಧುಗಳೇ, ಬರೆಯಿರಿ!