ಡಬ್ಬಿ ಮನ್ಯಾಗ, ಕೀಲಿಕೈ ಯಾರ ಸೆರಗಿನ್ಯಾಗ?

ಹ್ವಾದ ಶುಕ್ರವಾರ ಓಣ್ಯಾಗ ಅರಿಶಿಣ-ಕುಂಕುಮಕ್ಕ ಹೋಗಿದ್ದೆ. ಮಾತಿಗೆ ಮಾತು ಬಂದು ನಮ್ಮನಿ ಸರ್ವರ್ ಸುದ್ದಿ ಬಂತು. "ಈ ವಯಸ್ಸಿನ್ಯಾಗ ನಿಮಗ್ಯಾಕ್ರೀ ಅದರ ಉಸಾಬರಿ? ಹುಡುಗುರು ನೋಡ್ಕೋತಾರ, ನೀವು ಆರಾಮ ಕೂಡ್ರಿ" ಅಂದ್ರು ಒಬ್ರು. ನನ್ನ ಬಾಯಾಗ ಚೂಡಾ ಇತ್ತು, ಸುಮ್ಮನಾದೆ. ಈಗ ಬಾಯಿ ಖಾಲಿ ಅದ, ಹೇಳ್ತೇನಿ.

ಮನಿಯ ಫೋಟೋ, ಕಾಗದಪತ್ರ ಎಲ್ಲಾ ಒಂದು ಡಬ್ಬ್ಯಾಗ ಇಟ್ಟು, ಅದರ ಪಾಸ್‌ವರ್ಡ್ ಮನಿ ಹೆಣ್ಮಗಳಿಗೇ ಗೊತ್ತಿಲ್ಲಂದ್ರ ಅದು ಮನಿ ಸರ್ವರ್ ಅಲ್ಲ. ಕೀಲಿಕೈ ಕಳಕೊಂಡ ತಿಜೋರಿ ಅಷ್ಟ.

ಸರ್ವರ್ ಅಂದ ಕೂಡ್ಲೆ ಅಂಜಬ್ಯಾಡ್ರಿ. ನಮ್ಮನ್ಯಾಗ ಇರೂದು ಮಗನ ಹಳೇ ಲ್ಯಾಪ್‌ಟಾಪ್, ಅದಕ್ಕ ಹಚ್ಚಿದ ಒಂದು ದೊಡ್ಡ ಹಾರ್ಡ್ ಡಿಸ್ಕ್. ವೈಫೈ ಡಬ್ಬಿಗೆ ಒಂದು ವೈರ್. ಹಗಲೂ ರಾತ್ರಿ ಚಾಲೂ ಇರ್ತದ. ಮನಿ ನಾಗೊಂದಿಗಿ ಇದ್ದಂಗ ಅಂತ ತಿಳಕೋರಿ. ಫರಕು ಏನಂದ್ರ, ಪುಣೆದಾಗಿರೋ ಮಗಳೂ ಅಲ್ಲೆ ಕೂತು ಫೋನಿನ್ಯಾಗ ಇದರಾಗಿನ ಫೋಟೋ ನೋಡಬಹುದು, ತನ್ನ ಕೂಸಿನ ಫೋಟೋ ತಂದಿಡಬಹುದು.

ನಮ್ಮ ನೆಗೆಣ್ಣಿ ಮನ್ಯಾಗೂ ಇಂಥದ್ದೊಂದು ಅದ. ಅಲ್ಲೆ ಆಗಿದ್ದನ್ನ ಅಕಿನ್ನ ಕೇಳೇ ಬರೀಲಿಕ್ಕತ್ತೇನಿ. "ಬರೀರಿ ಅಕ್ಕಾ, ನಾಕು ಮಂದಿಗೆ ಬುದ್ಧಿ ಬರಲಿ" ಅಂದ್ಲು. ಮೈದುನರು ಭಾಳ ಹೌಸಿಯಿಂದ ಮಾಡಿದ್ರು. ಹುಡುಗುರ ಜವಳದಿಂದ ಹಿಡದು ಮದಿವಿ ತನಕ ಫೋಟೋ, ಮನಿ ಖಾತೆ ಕಾಗದ, ನಮ್ಮ ಅತ್ತಿಯವರು ಹಾಡಿದ ಆರತಿ ಹಾಡು, ಎಲ್ಲಾ ಅದರಾಗ. ಕಳ್ಳರು ಡಬ್ಬಿ ಹೊತ್ತೊಯ್ದ್ರೂ ಏನೂ ಸಿಗಬಾರದು ಅಂತ ಡಿಸ್ಕಿಗೇ ಗುಪ್ತ ಪಾಸ್‌ವರ್ಡ್ ಹಾಕಿದ್ರು. ಹ್ವಾದ ವರ್ಷ ಒಮ್ಮಿಂದೊಮ್ಮೆ ತೀರಿಕೊಂಡ್ರು. ಹದಿನೈದು ದಿನ ಎಲ್ಲಾ ನೆಟ್ಟಗಿತ್ತು, ಫೋನಿನ್ಯಾಗ ಫೋಟೋ ಕಾಣ್ತಿದ್ವು. ಆಮ್ಯಾಲೆ ಒಂದು ಮಳಿ ದಿನ ಕರೆಂಟ್ ಹೋಗಿ ಬಂತು. ಡಬ್ಬಿ ಮತ್ತ ಚಾಲೂ ಆಗಿ ಪಾಸ್‌ವರ್ಡ್ ಕೇಳ್ತು. ಹೇಳವ್ರು ಯಾರಿದ್ರು?

ಮಗ ಬಂದು ನೋಡಿದ, ಅಂಗಡಿಯವ್ರಿಗೆ ತೋರಿಸಿದ್ರು. ಕೀಲಿ ಎಷ್ಟು ಗಟ್ಟಿ ಅಂದ್ರ ಕಳ್ಳರಿಗೆ ಹೆಂಗೋ ಹಂಗ ಹೆಂಡ್ತಿಗೂ ತೆರೀಲಿಲ್ಲ. ನಮ್ಮ ಅತ್ತಿಯವರ ಧ್ವನಿ ಆ ಡಬ್ಬ್ಯಾಗ ಅದ, ಹೊರಗ ಬರಂಗಿಲ್ಲ.

ಇದರಾಗ ಮೈದುನರದಷ್ಟ ತಪ್ಪು ಅಂತ ನಾ ಅನ್ನಂಗಿಲ್ಲ. ಅವರು ಒಂದೆರಡು ಸಲ ಹೇಳಲಿಕ್ಕೆ ಹ್ವಾದಾಗ ನಮ್ಮಕಿ "ನನಗೇನು ತಿಳಿತದ ಬಿಡ್ರಿ" ಅಂದು ಒಳಗ ಹೋಗಿದ್ಲಂತ. ಇಂಥ ಮಾತು ನಾವೆಲ್ಲಾರೂ ಆಡೇವಿ. ಮಿಕ್ಸರ್, ಕುಕ್ಕರ್, ಫೋನ್ ಪೇ ಎಲ್ಲಾ ಕಲತವರಿಗೆ ಇದೊಂದು ತಿಳಿಯಂಗಿಲ್ಲೇನು?

"ಇಷ್ಟೆಲ್ಲಾ ಯಾಕ, ಗೂಗಲ್‌ದಾಗ ಇಟ್ರಾತು" ಅನ್ನವ್ರಿಗೆ ಒಂದು ಮಾತು. ಗೂಗಲ್ ಫೋಟೋಸ್‌ದಾಗ ಎಷ್ಟು ಬೇಕಷ್ಟು ಪುಕ್ಕಟೆ ಇಡೋ ಸವಲತ್ತು 2021ರ ಜೂನ್ 1ಕ್ಕ ಮುಗೀತು. ಈಗ ಮೇಲ್, ಫೋಟೋ, ಡ್ರೈವ್ ಎಲ್ಲಾ ಸೇರಿ 15 ಜಿಬಿ, ಅದರ ಮ್ಯಾಲೆ ರೊಕ್ಕ. ಎರಡು ವರ್ಷ ಮುಟ್ಟದ ಖಾತೆ ಅಳಿಸಬಹುದು ಅನ್ನೋ ನಿಯಮನೂ ಅದ. ಅದು ಬಾಡಿಗಿ ಮನಿ. ಬಾಡಿಗಿ ಮನಿ ಕೆಟ್ಟದ್ದಲ್ಲ, ಇನ್ನೊಂದು ಪ್ರತಿ ಇಡಲಿಕ್ಕೆ ಚೊಲೋನ. ಆದ್ರ ಕರಾರು ಬದಲಾದ್ರ ನಮ್ಮನ್ನ ಕೇಳಂಗಿಲ್ಲ.

"ಹೊರಗಿಂದ ಬಾಗಲಾ ತಗದ್ರ ಕಳ್ಳರು ಬರ್ತಾರ" ಅನ್ನವ್ರ ಮಾತು ಮಾತ್ರ ಖರೇ. 2021ರ ಜೂನ್‌ದಾಗ ಮೈ ಬುಕ್ ಲೈವ್ ಅನ್ನೋ ಡಬ್ಬಿ ಇಟ್ಟವರು ಒಂದು ದಿನ ಎದ್ದು ನೋಡಿದ್ರ ಒಳಗಿಂದೆಲ್ಲಾ ಖಾಲಿ. ದೂರದಿಂದ ಯಾರೋ ಅಳಿಸಿದ್ರು. ಕಂಪನಿ ಅದಕ್ಕ ಅಪ್‌ಡೇಟ್ ಕೊಡೂದು 2015ರಾಗ ನಿಲ್ಲಿಸಿತ್ತು, ಮಂದಿ ಮಾತ್ರ ಅದನ್ನ ಇಂಟರ್ನೆಟ್ಟಿಗೆ ಹಚ್ಚೇ ಇಟ್ಟಿದ್ರು. ಅದಕ್ಕ ರೌಟರ್‌ದಾಗ ಪೋರ್ಟ್ ತಗದು ಬಾಗಲಾ ಹಾರು ಹೊಡದು ಇಡಬ್ಯಾಡ್ರಿ.

ಎಷ್ಟೋ ಮನ್ಯಾಗ ಹಂಗ ತಗೀಲಿಕ್ಕೂ ಬರಂಗಿಲ್ಲ. ಹಳೇ ಪದ್ಧತಿ ಇಂಟರ್ನೆಟ್ ವಿಳಾಸ ಜಗತ್ತಿಗೆಲ್ಲಾ ಸೇರಿ ಸುಮಾರು 429 ಕೋಟಿ ಅಷ್ಟ. ಸಾಲಂಗಿಲ್ಲ. ಅದಕ್ಕ ಕಂಪನಿಯವ್ರು ಭಾಳ ಮನಿಗೆ ಕೂಡಿ ಒಂದ ವಿಳಾಸ ಕೊಡ್ತಾರ, ಹಳೇ ವಾಡೆದಾಗ ಎಂಟು ಬಿಡಾರಕ್ಕ ಒಂದ ತಲಬಾಗಲಾ ಇದ್ದಂಗ. ಹೊರಗಿನವ್ರು ಕೂಗಿದ್ರ ಯಾವ ಬಿಡಾರಕ್ಕ ಅಂತ ತಿಳಿಯಂಗಿಲ್ಲ. ಮಗಳಿಗೆ ಪುಣೆದಾಗ ಮೊದಲ ದಿನ ತೆರೀದೇ ಇದ್ದದ್ದು ಇದಕ್ಕ.

ನಾವು ಹಾಕಿದ್ದು ಟೇಲ್‌ಸ್ಕೇಲ್. ಮನಿ ಬಳಕಿಗೆ ಪುಕ್ಕಟೆ ಅದ. ಡಬ್ಬಿ ತಾನ ಹೊರಗ ಹೋಗಿ ನಮ್ಮ ಫೋನ್ ಹುಡುಕ್ತದ, ಹೊರಗಿನವ್ರಿಗೆ ಬಾಗಲಾ ಕಾಣಂಗೇ ಇಲ್ಲ. ಯಾದಿಯೊಳಗ ಹೆಸರಿದ್ದ ಫೋನಿಗಷ್ಟ ಒಳಗ ಪ್ರವೇಶ. ಫೋನ್ ಕಳದ್ರ ಯಾದಿಯಿಂದ ತಗದ್ರ ಮುಗೀತು.

ಕರೆಂಟಿಂದೂ ಲೆಕ್ಕಾ ಹಾಕೇನಿ. ಗೃಹಜ್ಯೋತಿ ಯೂನಿಟ್ ದಾಟತದೇನೋ ಅಂತ ಅಂಜಿದ್ದೆ. 15 ವ್ಯಾಟ್ ಅಂತ ಹಿಡದ್ರ ತಿಂಗಳಿಗೆ ಹನ್ನೊಂದು ಯೂನಿಟ್ ಒಳಗ.

ಮಗ ಇದನ್ನೆಲ್ಲಾ ಹಚ್ಚಲಿಕ್ಕೆ ಬಂದಾಗ ನಾ ಮೂರು ಕರಾರು ಹಾಕಿದೆ. ಅವ ನಕ್ಕ. ನಾ ನಗಲಿಲ್ಲ.

ಒಂದು, ಎಲ್ಲಾ ಪಾಸ್‌ವರ್ಡ್ ಒಂದು ವಹಿಯೊಳಗ ಮಸಿಲೆ ಬರದು ಬೆಳ್ಳಿ ಸಾಮಾನಿನ ಜೋಡಿ ತಿಜೋರಿಯೊಳಗ. ಡಿಸ್ಕಿಂದು, ರೌಟರಿಂದು, ಟೇಲ್‌ಸ್ಕೇಲ್ ಯಾವ ಮೇಲ್ ಹೆಸರಿಲೆ ಅದ ಅನ್ನೂದು, ಒಟಿಪಿ ಯಾರ ಫೋನಿಗೆ ಬರ್ತದ ಅನ್ನೂದೂ. ಫೋನಿನವರೇ ಹ್ವಾದ್ರ ಸಿಮ್ಮೂ ಒಂದಿನ ಬಂದಾಗ್ತದ, ಮರೀಬ್ಯಾಡ್ರಿ.

ಎರಡು, ಅವ ಹಚ್ಚಿ ಹೋಗಬಾರದು. ಕೈಕಟ್ಟಿ ಕೂತು ಹೇಳಬೇಕು, ನಾ ಹಚ್ಚಬೇಕು. ಬಂದ್ ಮಾಡಿ ಚಾಲೂ ಮಾಡೂದು ನನಗ ಬರಬೇಕು. ತಿಂಗಳಿಗೊಮ್ಮೆ ಪ್ರತಿಯೊಳಗಿಂದ ಒಂದು ಫೋಟೋ ವಾಪಸ್ ತಗದು ನೋಡ್ತೇನಿ. ಉಪ್ಪಿನಕಾಯಿ ಭರಣಿ ಮುಚ್ಚಿ ಇಟ್ರಷ್ಟ ಆತೇನು? ಬೂಸ್ಲು ಬಂದದ್ದು ತಗದಾಗ ತಿಳಿತದ.

ಮೂರು, ಒಂದ ಡಿಸ್ಕನ್ನ ನಂಬೂದಿಲ್ಲ. ಮೂರು ಪ್ರತಿ ಇರಬೇಕು, ಅದರಾಗ ಒಂದು ಬ್ಯಾರೆ ಊರಾಗ. ಪಂಚಮಿಗೆ ತವರಿಗೆ ಹೋಗುವಾಗ ಉಂಡಿ ಡಬ್ಬಿ ಜೋಡಿ ಒಂದು ಡಿಸ್ಕೂ ಒಯ್ತೇನಿ, ನಮ್ಮ ವೈನಿ ಕಪಾಟಿನ್ಯಾಗ ಇಡ್ತೇನಿ. ದೀಪಾವಳಿಗೆ ಅವರು ಬರುವಾಗ ಅದನ್ನ ತರ್ತಾರ, ಹೊಸಾ ಪ್ರತಿ ತುಂಬಿ ಕಳಸ್ತೇನಿ.

ಹುಡುಗುರ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ "ಅಮ್ಮಾ ನೀ ಮುಟ್ಟಬ್ಯಾಡ, ಕೆಡತದ" ಅಂದು ವಿಮಾನ ಹತ್ತಿ ಹೋಗೋ ಮಗನಿಗೂ, "ಇದು ಗಂಡಸರ ಕೆಲಸ" ಅನ್ನೋ ಮನಿಯವರಿಗೂ ಕೇಳ್ತೇನಿ. ಹಗಲೆಲ್ಲಾ ಆ ಡಬ್ಬಿ ಜೋಡಿ ಮನ್ಯಾಗ ಇರೋರು ಯಾರು? ಕೆಂಪು ದೀಪ ಹತ್ತಿದ್ರ ಮೊದಲ ನೋಡೋರು ಯಾರು? ಧೂಳಾ ವರಸಲಿಕ್ಕೆ ನಾವು ಬೇಕು, ಪಾಸ್‌ವರ್ಡಿಗೆ ಬ್ಯಾಡೇನು?

ನೆಗೆಣ್ಣಿ ಇನ್ನೂ ಆ ಡಬ್ಬಿ ಬಂದ್ ಮಾಡಿಲ್ಲ. ದೀಪ ಮಿಣುಕು ಮಿಣುಕು ಅಂತದ, ಇರಲಿ ಅಂತಾಳ. ಹ್ವಾದ ವಾರ ನಮ್ಮನಿಗೆ ಬಂದು ನನ್ನ ವಹಿ ನೋಡಿ, ಹೊಸಾ ವಹಿ ಒಂದು ಕೊಂಡು ಹೋಗ್ಯಾಳ.

ಇವತ್ತ ರಾತ್ರಿ ಊಟಾ ಆದ ಮ್ಯಾಲೆ ನಿಮ್ಮನಿಯವರನ್ನ ಕೇಳ್ರಿ, "ಪಾಸ್‌ವರ್ಡ್ ಎಲ್ಲೆ ಬರದಿಟ್ಟೀರಿ?" ಅಂತ. "ನನ್ನ ತಲ್ಯಾಗ ಅದ" ಅಂದ್ರ ವಹಿ, ಪೆನ್ನು ಮುಂದ ಇಡ್ರಿ. ಬರದು ಮುಗಿಸೋ ತನಕ ಮಜ್ಜಿಗಿ ಕೊಡಬ್ಯಾಡ್ರಿ.