ಕ್ರಿಸ್ಮಸ್ ರಜೆ ಮತ್ತು ನಮ್ಮ ಚರ್ಚ್ ಶಾಲೆಗಳ ದಿನಲೆಕ್ಕ

ದಸರಾ ರಜೆ ಮುಗಿದು ಎರಡನೇ ಅವಧಿಗೆ ಶಾಲೆಗಳು ತೆರೆದಾಗ ಕರಾವಳಿಯ ಕಥೋಲಿಕ ಪ್ರಾಥಮಿಕ ಶಾಲೆಗಳಿಂದ ಹೆತ್ತವರಿಗೆ ಒಂದು ಸುತ್ತೋಲೆ ಬರುತ್ತದೆ. ಹಿಂದೆ ಅದು ಮಕ್ಕಳ ಚೀಲದಲ್ಲಿ ಬರುತ್ತಿತ್ತು, ಈಗ ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಕ್ರೀಡಾಕೂಟ, ವಾರ್ಷಿಕೋತ್ಸವ, ರಕ್ಷಕ-ಶಿಕ್ಷಕ ಸಂಘದ ಸಭೆ, ಪರೀಕ್ಷೆಗಳ ದಿನಾಂಕ, ಮುಂದಿನ ವರ್ಷದ ದಾಖಲಾತಿ ಎಲ್ಲವೂ ಅದರಲ್ಲಿ ಇರುತ್ತದೆ. ಆದರೆ ಮನೆಯವರು ಮೊದಲು ಹುಡುಕುವುದು ಒಂದೇ ಸಾಲನ್ನು: ಕ್ರಿಸ್ಮಸ್ ರಜೆ ಎಂದಿನಿಂದ ಎಂದಿನವರೆಗೆ? ಆ ಸಾಲು ಸಿಕ್ಕಿದ ಮೇಲೆ ಉಳಿದದ್ದನ್ನು ಓದುವವರು ಕಡಿಮೆ. ಈ ಲೇಖನ ಆ ಉಳಿದ ಸಾಲುಗಳ ಬಗ್ಗೆ. ಅದರಲ್ಲೂ ಮುಖ್ಯವಾಗಿ ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳ ಬಗ್ಗೆ, ಏಕೆಂದರೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳಲ್ಲಿ ಆ ಶಾಲೆಗಳ ಮುಂದಿನ ವರ್ಷ ಬಹುಮಟ್ಟಿಗೆ ನಿರ್ಧಾರವಾಗಿ ಬಿಡುತ್ತದೆ.

ಮೊದಲಿಗೆ ರಜೆಯ ವಿಷಯ. ಕ್ರಿಸ್ಮಸ್ ರಜೆ ಸರಕಾರ ನಮಗೆ ಹೆಚ್ಚುವರಿಯಾಗಿ ಕೊಡುವ ರಜೆ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಡಿಸೆಂಬರ್ 25 ಒಂದು ದಿನ ಮಾತ್ರ ಎಲ್ಲರಿಗೂ ಸಾರ್ವತ್ರಿಕ ರಜೆ. ಅದಕ್ಕಿಂತ ಹೆಚ್ಚು ದಿನ ಬೇಕೆಂದರೆ ಶಾಲೆಯ ಆಡಳಿತ ಮಂಡಳಿಯು ಜಿಲ್ಲೆಯ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಮನವಿ ಸಲ್ಲಿಸಬೇಕು. ಅವರು ಪರಿಶೀಲಿಸಿ ಒಪ್ಪಿದರೆ, ಡಿಸೆಂಬರ್‌ನಲ್ಲಿ ಪಡೆದಷ್ಟು ದಿನಗಳನ್ನು ದಸರಾ ರಜೆಯಲ್ಲಿ ಕಡಿತ ಮಾಡಿ ಹೊಂದಿಸಿಕೊಳ್ಳಬೇಕು. ಇದು ವಿನಿಮಯ, ಉಡುಗೊರೆ ಅಲ್ಲ. ಅಕ್ಟೋಬರ್‌ನಲ್ಲಿ ಪಕ್ಕದ ಸರಕಾರಿ ಶಾಲೆಯ ಮಕ್ಕಳು ಆಟವಾಡುತ್ತಿರುವಾಗ ನಮ್ಮ ಮಕ್ಕಳು ತರಗತಿಯಲ್ಲಿ ಕೂತಿರುತ್ತಾರೆ.

ಈ ವಿನಿಮಯದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನೂ ನಾವು ನೋಡಬೇಕು. ನಮ್ಮ ಶಾಲೆಗಳ ಬೆಂಚುಗಳಲ್ಲಿ ಕೂರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಹಿಂದೂ, ಮುಸ್ಲಿಂ ಮನೆಗಳವರು. ಗ್ರಾಮಾಂತರ ಧರ್ಮಕೇಂದ್ರಗಳ ಶಾಲೆಗಳಲ್ಲಂತೂ ಕ್ರೈಸ್ತ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದಾದ ತರಗತಿಗಳೂ ಇವೆ. ನವರಾತ್ರಿಯ ಒಂಬತ್ತು ದಿನ ಕುದ್ರೋಳಿಯ ದಸರಾ ನೋಡಲು, ಅಜ್ಜಿ ಮನೆಗೆ ಹೋಗಲು ಹಂಬಲಿಸುವ ಮಗುವಿಗೆ ಕಡಿತಗೊಂಡ ರಜೆ ನಿಜವಾದ ನಷ್ಟ. ಅಲ್ಪಸಂಖ್ಯಾತ ಸಂಸ್ಥೆಯಾಗಿ ನಮಗೆ ಕೇಳುವ ಅವಕಾಶವಿದೆ ನಿಜ. ಆದರೆ ಕೇಳುವ ಮೊದಲು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಆ ಹೆತ್ತವರ ಅಭಿಪ್ರಾಯ ಪಡೆಯುವುದು ನ್ಯಾಯ. ಪಡೆಯುವ ಶಾಲೆಗಳಿವೆ, ಮೇಜಿನ ಮೇಲೆ ತೀರ್ಮಾನ ಇಟ್ಟು ಓದಿ ಹೇಳುವ ಶಾಲೆಗಳೂ ಇವೆ.

ಇನ್ನು ದಿನಗಳ ಲೆಕ್ಕ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನಗಳು ಮತ್ತು 800 ಬೋಧನಾ ಗಂಟೆಗಳು, ಆರರಿಂದ ಎಂಟಕ್ಕೆ 220 ದಿನಗಳು ಮತ್ತು 1000 ಗಂಟೆಗಳು ಎಂದು ಅಳತೆ ಹಾಕಿದೆ. 2014ರ ಮೇ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದಿತು. ಹಾಗಾದರೆ ನಮಗೇನು ಎಂದು ಕೇಳುವವರಿದ್ದಾರೆ. ಸಂಬಳ ಸರಕಾರದ್ದು, ವೇಳಾಪಟ್ಟಿ ಇಲಾಖೆಯದ್ದು, ಪಾಠಪುಸ್ತಕವೂ ಅದರದ್ದೇ. ಮುಗಿಸಬೇಕಾದ ಪಾಠಗಳ ಸಂಖ್ಯೆ ಯಾವ ತೀರ್ಪಿನಿಂದಲೂ ಕಡಿಮೆಯಾಗಿಲ್ಲ.

ಕರಾವಳಿಯ ಶಾಲೆಗಳು ಈ ದಿನಗಳನ್ನು ಕಳೆದುಕೊಳ್ಳಲು ಆರಂಭಿಸುವುದು ಜೂನ್‌ನಲ್ಲೇ. ಕೆಂಪು ಎಚ್ಚರಿಕೆ ಬಂದ ಬೆಳಗ್ಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ಹಳ್ಳ ದಾಟಿ ಬರುವ ಮಕ್ಕಳಿರುವ ಊರಿನಲ್ಲಿ ಅದು ಬೇಕಾದ ರಜೆಯೇ. ಆ ದಿನಗಳನ್ನು ಮುಂದೆ ಸರಿದೂಗಿಸಬೇಕು ಎಂಬ ಸೂಚನೆಯೂ ಜೊತೆಗೇ ಬರುತ್ತದೆ, ಶನಿವಾರದ ಮಧ್ಯಾಹ್ನಗಳು ಅದಕ್ಕೆ ಹೋಗುತ್ತವೆ. 2025-26ನೇ ಸಾಲಿನಲ್ಲಿ ಇದರ ಮೇಲೆ ಇನ್ನೊಂದು ಹೊರೆ ಬಿತ್ತು. ಆ ವರ್ಷದ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಎಂದು ನಿಗದಿಯಾಗಿತ್ತು. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನೇಮಿಸಿದ್ದು, ಕೆಲಸ ಮುಗಿಯದ ಕಾರಣ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ವಿಸ್ತರಿಸಲಾಯಿತು. ಭಾನುವಾರ ಬಿಟ್ಟು ಲೆಕ್ಕ ಹಾಕಿದರೆ ಹತ್ತು ದಿನ. ಅದರ ಬೆನ್ನಿಗೇ ದೀಪಾವಳಿ ಬಂತು.

ಅನುದಾನರಹಿತ ಶಾಲೆಗಳಿಗೆ ಈ ವಿಸ್ತರಣೆ ಇರಲಿಲ್ಲ. ನಮ್ಮ ಬಹಳಷ್ಟು ಧರ್ಮಕೇಂದ್ರಗಳಲ್ಲಿ ಒಂದೇ ಗೇಟಿನೊಳಗೆ ಎರಡು ಶಾಲೆಗಳಿವೆ: ಹಳೆಯ ಹೆಂಚಿನ ಕಟ್ಟಡದಲ್ಲಿ ಅನುದಾನಿತ ಕನ್ನಡ ಮಾಧ್ಯಮ, ಹೊಸ ಕಟ್ಟಡದಲ್ಲಿ ಅನುದಾನರಹಿತ ಇಂಗ್ಲಿಷ್ ಮಾಧ್ಯಮ. ಸಂಚಾಲಕರು ಒಬ್ಬರೇ, ಮೈದಾನ ಒಂದೇ. ಒಂದೇ ಅಂಗಳದಲ್ಲಿ ಒಂದು ಶಾಲೆಯ ಗಂಟೆ ಹೊಡೆಯಬೇಕಾದ ದಿನ ಇನ್ನೊಂದಕ್ಕೆ ಬೀಗ. ಈ ಹತ್ತು ದಿನ ಕಳೆದುಕೊಂಡವರು ಬಡ ಮನೆಗಳ ಮಕ್ಕಳೇ ಆಗಿದ್ದರು ಎಂಬುದು ಅಂಥ ಧರ್ಮಕೇಂದ್ರದ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ.

ಇಂಥ ವರ್ಷದಲ್ಲಿ ಡಿಸೆಂಬರ್ 24ರಿಂದ ಜನವರಿ 1ರವರೆಗಿನ ಉದ್ದದ ರಜೆಯನ್ನು ಅನುದಾನಿತ ಶಾಲೆ ಕೇಳಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಕ್ರಿಸ್ಮಸ್‌ನ ಆಸುಪಾಸಿನ ಮೂರು ನಾಲ್ಕು ದಿನ ಸಾಕು. ಹಬ್ಬದ ಆಚರಣೆಗೆ ಅದರಿಂದ ಕೊರತೆಯಾಗದು. ಗೋದಲಿ ಕಟ್ಟುವುದು, ಕುಸ್ವಾರ್ ಮಾಡುವುದು ಹೇಗೂ ಶಾಲೆ ಬಿಟ್ಟ ಮೇಲಿನ ಸಂಜೆಯ ಕೆಲಸ. ಇದನ್ನು ಒಪ್ಪದ ಧರ್ಮಗುರುಗಳೂ ಶಿಕ್ಷಕಿಯರೂ ಇದ್ದಾರೆ. ವರ್ಷಕ್ಕೊಮ್ಮೆ ಕುಟುಂಬ ಒಟ್ಟಿಗೆ ಸೇರುವ ದಿನಗಳನ್ನು ಕಸಿಯಬಾರದು ಎಂಬ ಅವರ ವಾದದಲ್ಲಿ ಸತ್ಯವಿದೆ. ದುಬಾಯಿ, ಕುವೈತ್, ಮಸ್ಕತ್‌ನಲ್ಲಿ ದುಡಿಯುವ ತಂದೆಯನ್ನು ಎಷ್ಟೋ ಮಕ್ಕಳು ನೋಡುವುದೇ ಆ ದಿನಗಳಲ್ಲಿ.

ಆದರೆ ನಿಜವಾದ ಸೋರಿಕೆ ಘೋಷಿತ ರಜೆಯಲ್ಲಿ ಇಲ್ಲ. ಆಗಮನ ಕಾಲದಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಮದುವೆಗಳು ನಡೆಯದಿರುವುದರಿಂದ ಕ್ರಿಸ್ಮಸ್ ಕಳೆದ ಮರುದಿನದಿಂದಲೇ ರೋಸ್, ಮದುವೆ, ಮನೆ ಆಶೀರ್ವಾದಗಳ ಸಾಲು ಆರಂಭವಾಗುತ್ತದೆ. ಜನವರಿಯಲ್ಲಿ ಬಿಕರ್ನಕಟ್ಟೆಯ ಬಾಲಯೇಸುವಿನ ಹಬ್ಬ, ಅತ್ತೂರಿನ ಸಂತ ಲಾರೆನ್ಸರ ಹಬ್ಬ. ಇತರ ಮನೆಗಳಲ್ಲಿ ಇದೇ ಹೊತ್ತಿಗೆ ಕೋಲ, ನೇಮ, ಬ್ರಹ್ಮಕಲಶ, ಬೆಳಗಿನವರೆಗೆ ಯಕ್ಷಗಾನ. ರಾತ್ರಿ ಎರಡು ಗಂಟೆಗೆ ಮಲಗಿದ ಮಗು ಬೆಳಗ್ಗೆ ಶಾಲೆಗೆ ಬಂದರೂ ಬಂದಂತಲ್ಲ. (ನಮ್ಮ ಶಾಲೆಗಳ ವಾರ್ಷಿಕೋತ್ಸವಗಳೂ ರಾತ್ರಿ ಹನ್ನೊಂದರ ಮೊದಲು ಮುಗಿಯುವುದಿಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಅತಿಥಿಗಳ ಭಾಷಣಗಳನ್ನು ಎರಡಕ್ಕೆ ಇಳಿಸಿದರೆ ಒಂಬತ್ತಕ್ಕೆ ಮುಗಿಸಬಹುದು.) ಜನವರಿಯಲ್ಲಿ ಆರು ದಿನ ತಪ್ಪಿಸಿದ ಎರಡನೇ ತರಗತಿಯ ಮಗು ಮಾರ್ಚ್‌ನ ಪರೀಕ್ಷೆಗೆ ಬರುವಾಗ ಭಾಗಾಕಾರದ ಮೊದಲ ಪಾಠವನ್ನೇ ಕೇಳಿರುವುದಿಲ್ಲ. ನಾಲ್ಕು ತರಗತಿಗಳಿಗೆ ಇಬ್ಬರೇ ಶಿಕ್ಷಕಿಯರಿರುವ ಶಾಲೆಯಲ್ಲಿ ಆ ಪಾಠವನ್ನು ಅದಕ್ಕಾಗಿ ಮತ್ತೆ ಮಾಡುವವರು ಯಾರು?

ಇಬ್ಬರೇ ಶಿಕ್ಷಕಿಯರು ಏಕೆ ಎಂಬ ಪ್ರಶ್ನೆಗೆ ಉತ್ತರ ಸುತ್ತೋಲೆಯ ಕೊನೆಯ ಸಾಲಿನಲ್ಲಿದೆ: ದಾಖಲಾತಿ. ಅನುದಾನಿತ ಶಾಲೆಯ ಹುದ್ದೆಗಳನ್ನು ಇಲಾಖೆಯು ಮಕ್ಕಳ ಸಂಖ್ಯೆಯ ಆಧಾರದಲ್ಲಿ ನೋಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನೇ ಅಳತೆಗೆ ಇಟ್ಟುಕೊಂಡರೆ, ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 61ನೇ ಮಗು ಬಂದರೆ ಮೂರನೆಯ ಶಿಕ್ಷಕಿಯನ್ನು ಕೇಳಲು ಆಧಾರ ಸಿಗುತ್ತದೆ, ಆ ಮಗು ಹೋದರೆ ಆಧಾರವೂ ಹೋಗುತ್ತದೆ. ಇತ್ತ ನಿವೃತ್ತರಾದವರ ಜಾಗ ತುಂಬಲು ಅನುಮತಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಧರ್ಮಕೇಂದ್ರವೋ ಧರ್ಮಭಗಿನಿಯರ ಸಭೆಯೋ ಹಳೆ ವಿದ್ಯಾರ್ಥಿ ಸಂಘವೋ ಕೊಡುವ ಅಲ್ಪ ಗೌರವಧನಕ್ಕೆ ಊರಿನ ಒಬ್ಬ ಹೆಣ್ಣುಮಗಳು ಪಾಠ ಮಾಡುತ್ತಿರುತ್ತಾಳೆ. ಮಕ್ಕಳಿಲ್ಲದೆ ಹುದ್ದೆ ಇಲ್ಲ, ಶಿಕ್ಷಕರಿಲ್ಲವೆಂದು ಮಕ್ಕಳೂ ಇಲ್ಲ.

ಈ ಮಕ್ಕಳು ಎಲ್ಲಿಗೆ ಹೋದರು? 1994ರಲ್ಲಿ ಕರ್ನಾಟಕ ಸರಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂಬ ನೀತಿ ತಂದಿತು. 2014ರ ಅದೇ ಮೇ 6ರಂದು ಸುಪ್ರೀಂ ಕೋರ್ಟು ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು ಇನ್ನೊಂದು ತೀರ್ಪು ಕೊಟ್ಟಿತು. ಹೀಗೆ ಒಂದೇ ದಿನದ ಎರಡು ತೀರ್ಪುಗಳು ನಮ್ಮ ಶಾಲೆಗಳ ಹಣೆಬರಹ ಬರೆದವು: ಒಂದು ಶಿಕ್ಷಣ ಹಕ್ಕು ಕಾಯ್ದೆಯಿಂದ ನಮ್ಮನ್ನು ಬಿಡಿಸಿತು, ಇನ್ನೊಂದು ಇಂಗ್ಲಿಷ್ ಮಾಧ್ಯಮದ ಬಾಗಿಲನ್ನು ಪೂರ್ತಿ ತೆರೆಯಿತು. 2019-20ರಿಂದ ಸರಕಾರವೇ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಆರಂಭಿಸಿತು. ಕೊಂಕಣಿ, ತುಳು, ಬ್ಯಾರಿ ಮಾತಾಡುವ ಮನೆಗಳ ನಮ್ಮ ಜಿಲ್ಲೆಗಳಲ್ಲಿ ಕನ್ನಡ ಹೇಗೂ ಶಾಲೆಯಲ್ಲಿ ಕಲಿತ ಭಾಷೆ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತೋಲಿಕ್ ಕಾರ್ಮೆಲ್ ಭಗಿನಿಯರಿಂದ ಹಿಡಿದು 1921ರಲ್ಲಿ ಹುಟ್ಟಿದ ಬೆಥನಿ ಸಂಸ್ಥೆಯವರೆಗೆ ಎಷ್ಟೋ ಭಗಿನಿಯರು ಈ ಊರುಗಳ ಮಕ್ಕಳಿಗೆ ಅಕ್ಷರ ಕಲಿಸಿದರು. ಅದನ್ನು ನಾವು ಜುಬಿಲಿ ಭಾಷಣಗಳಲ್ಲಿ ನೆನೆಯುತ್ತೇವೆ. ಆದರೆ ಕನ್ನಡ ಮಾಧ್ಯಮದ ಮಕ್ಕಳನ್ನು ಕರೆದುಕೊಂಡು ಹೋದದ್ದು ಹೊರಗಿನವರು ಮಾತ್ರ ಅಲ್ಲ, ಅದೇ ಗೇಟಿನೊಳಗಿನ ನಮ್ಮದೇ ಹೊಸ ಕಟ್ಟಡ ಕೂಡ. ಹೆತ್ತವರನ್ನು ದೂರುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಶುಲ್ಕ ಕಟ್ಟಲಾಗದ ಮನೆಯವರಿಗೆ ಮಾತ್ರ ಹಳೆಯ ಕಟ್ಟಡ ಎಂಬ ಭಾವನೆ ಬೆಳೆಯಲು ನಾವೇ ಬಿಟ್ಟಿದ್ದೇವೆ.

ಹಳೆಯ ಕಟ್ಟಡದಲ್ಲಿ ಏನು ಸಿಗುತ್ತದೆ ಎಂಬುದನ್ನು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದ ಶಾಲೆಗಳು ಅಪರೂಪ. ಉಚಿತ ಪಾಠಪುಸ್ತಕ, ಬಿಸಿಯೂಟ, 2013ರಿಂದ ಹಾಲು. ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಅಥವಾ ಬಾಳೆಹಣ್ಣನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಆರು ದಿನಕ್ಕೆ ಏರಿಸಲಾಯಿತು. ಇದು ಸರಕಾರಿ ಶಾಲೆಗಳಂತೆ ಅನುದಾನಿತ ಶಾಲೆಗಳಿಗೂ ಸಿಕ್ಕಿತು. ಹತ್ತು ಹದಿನೈದು ಮಕ್ಕಳ ತರಗತಿಯಲ್ಲಿ ಪ್ರತಿ ಮಗುವಿನ ಓದನ್ನೂ ಶಿಕ್ಷಕಿ ದಿನವೂ ಕೇಳಬಹುದು ಎಂಬುದೂ ಸಣ್ಣ ಸವಲತ್ತಲ್ಲ. ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಒಬ್ಬ ಶಿಕ್ಷಕಿಯನ್ನು ಆಡಳಿತ ಮಂಡಳಿ ಕೊಟ್ಟರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಶಿಕ್ಷಕರ ಬಗ್ಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು, ಸೇವೆಯಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಉತ್ತೀರ್ಣರಾಗಬೇಕು ಎಂದಿತು. ಅಲ್ಪಸಂಖ್ಯಾತ ಶಾಲೆಗಳನ್ನು ಕಾಯ್ದೆಯಿಂದ ಹೊರಗಿಟ್ಟ 2014ರ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ಆ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಯ್ಯುವಂತೆ ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಿತು. ನಮ್ಮ ಕಿರಿಯ ಶಿಕ್ಷಕಿಯರು ಫಲಿತಾಂಶಕ್ಕೆ ಕಾಯದೆ ಪರೀಕ್ಷೆ ಬರೆದು ಬಿಡುವುದು ಒಳ್ಳೆಯದು.

ಹೆತ್ತವರು ಈ ಅವಧಿಯಲ್ಲೇ ಮಾಡಿ ಮುಗಿಸಬೇಕಾದ ಕೆಲಸಗಳೂ ಇವೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು 2022ರಲ್ಲಿ ಆದೇಶ ಹೊರಟಿತು, ಅದರ ಜಾರಿ 2025-26ಕ್ಕೆ ಮುಂದೂಡಲ್ಪಟ್ಟಿತು. 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಾದರೂ ಸಾಕು ಎಂಬ ಸಡಿಲಿಕೆಯನ್ನು ಆ ಒಂದು ವರ್ಷದ ಮಟ್ಟಿಗೆ ಕೊಡಲಾಯಿತು. ಕಳೆದ ವರ್ಷ ಪಕ್ಕದ ಮನೆಯ ಮಗು ಸೇರಿತ್ತಲ್ಲ ಎಂಬ ನಂಬಿಕೆಯಲ್ಲಿ ಕೂರದೆ, ಡಿಸೆಂಬರ್‌ನಲ್ಲೇ ಮುಖ್ಯ ಶಿಕ್ಷಕಿಯ ಬಳಿ ಮಗುವಿನ ಜನ್ಮದಿನಾಂಕ ಹೇಳಿ ವಿಚಾರಿಸಬೇಕು. ಎರಡನೆಯದು ಹೆಸರು. ಡಿಸೋಜ, ಡಿಸಿಲ್ವ, ಡಿಕುನ್ಹಾ ಮುಂತಾದ ನಮ್ಮ ಮನೆಹೆಸರುಗಳು ಇಂಗ್ಲಿಷಿನಲ್ಲಿ ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಜ್ಞಾನಸ್ನಾನದ ಪತ್ರದಲ್ಲಿ ಮತ್ತೊಂದು ರೀತಿ ಇರುತ್ತವೆ. ಒಂದರಲ್ಲಿ ನಡುವೆ ಚಿಹ್ನೆ, ಒಂದರಲ್ಲಿ ಖಾಲಿ ಜಾಗ, ಒಂದರಲ್ಲಿ ಎರಡೂ ಇಲ್ಲ. ವಿದ್ಯಾರ್ಥಿಗಳಿಗೆ ಕೊಡುವ ಅಪಾರ್ ಸಂಖ್ಯೆಗೆ ಶಾಲೆಯ ದಾಖಲೆ ಮತ್ತು ಆಧಾರ್‌ನ ಹೆಸರು ಹೊಂದಿಕೆಯಾಗಬೇಕು. ತಂದೆ ಊರಿನಲ್ಲಿರುವ ಡಿಸೆಂಬರ್‌ನಲ್ಲೇ ಇದನ್ನು ಸರಿಪಡಿಸಿಕೊಳ್ಳುವುದು ಸುಲಭ.

ತಂದೆ ಊರಿನಲ್ಲಿರುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಮಗುವನ್ನು ಮುಂದಿನ ಜೂನ್‌ನಲ್ಲಿ ಎಲ್ಲಿಗೆ ಸೇರಿಸುವುದು ಎಂಬ ಮಾತು ನಮ್ಮ ಮನೆಗಳಲ್ಲಿ ನಡೆಯುವುದು ಕ್ರಿಸ್ಮಸ್ ಮತ್ತು ಹೊಸ ವರ್ಷದ ನಡುವೆ, ಕುಸ್ವಾರ್ ತಟ್ಟೆಯ ಸುತ್ತ. ಶಾಲೆಯವರು ದಾಖಲಾತಿಯ ಕರಪತ್ರ ಹಂಚುವುದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಮುಂಗಡ ಹಣವೂ ಬೇರೆ ಕಡೆ ಕಟ್ಟಿ ಆಗಿರುತ್ತದೆ. ಧರ್ಮಕೇಂದ್ರದ ಜ್ಞಾನಸ್ನಾನದ ರಿಜಿಸ್ಟರ್ ಮತ್ತು ಶಾಲೆಯ ದಾಖಲಾತಿ ಪುಸ್ತಕ ಎರಡೂ ಸಂಚಾಲಕರಾದ ಧರ್ಮಗುರುಗಳ ಕೈಯಲ್ಲೇ ಇವೆ. ಬರುವ ಜೂನ್‌ಗೆ ಆರು ತುಂಬುವ ಮಕ್ಕಳು ಯಾವ ವಾಳೆಯಲ್ಲಿ ಎಷ್ಟಿದ್ದಾರೆ ಎಂದು ಗುರ್ಕಾರರೊಂದಿಗೆ ಕೂತು ಒಂದು ಸಂಜೆಯಲ್ಲಿ ಪಟ್ಟಿ ಮಾಡಬಹುದು. ಉಳಿದ ಮನೆಗಳ ಮಕ್ಕಳ ವಿವರ ಅಂಗನವಾಡಿ ಕಾರ್ಯಕರ್ತೆಯ ಬಳಿ ಇರುತ್ತದೆ. ಮುಖ್ಯ ಶಿಕ್ಷಕಿ, ಗುರ್ಕಾರರು ಮತ್ತು ರಕ್ಷಕ-ಶಿಕ್ಷಕ ಸಂಘದ ಇಬ್ಬರು ಆ ಮನೆಗಳಿಗೆ ಹೋಗುವುದಾದರೆ ಜನವರಿಯೊಳಗೆ ಹೋಗಬೇಕು. ಮಾರ್ಚ್‌ಗೆ ಖಾಸಗಿ ಶಾಲೆಗಳ ಬಸ್ಸುಗಳು ಯಾವ ತಿರುವಿನಲ್ಲಿ ಎಷ್ಟು ಗಂಟೆಗೆ ನಿಲ್ಲಬೇಕೆಂದು ಗೊತ್ತುಮಾಡಿಕೊಂಡಾಗಿರುತ್ತದೆ.