ಸೀರೆ ಅಂಗಡಿಯಲ್ಲಿ ಇರುವ ಬಾಯಿ

ಸೀರೆ ಅಂಗಡಿಯಲ್ಲಿ ನಮಗೆ ಮೋಸ ಮಾಡುವುದು ಅಷ್ಟು ಸುಲಭವಲ್ಲ. ಮೂವತ್ತು ಸೀರೆ ಬಿಡಿಸಿ ಹಾಕಿಸುತ್ತೇವೆ, ಜರಿ ಉಜ್ಜಿ ನೋಡುತ್ತೇವೆ, ಬಣ್ಣವನ್ನು ಬಾಗಿಲಾಚೆಯ ಬಿಸಿಲಿಗೆ ಹಿಡಿಯುತ್ತೇವೆ. ಕೊನೆಗೆ ಏನೂ ಕೊಳ್ಳದೆ ಎದ್ದು ಬರುವ ಧೈರ್ಯವೂ ನಮಗಿದೆ. ಅದೇ ವೈರು, ಸ್ವಿಚ್ಚು, ಪ್ಲಗ್ಗು ಇರುವ ಸಾಮಾನಿನ ಅಂಗಡಿಗೆ ಹೋದೆವೋ, ಬಾಯಿಗೆ ಬೀಗ. ಈ ಬೀಗಕ್ಕೆ ತೆತ್ತ ಬೆಲೆ ಹನ್ನೊಂದು ಸಾವಿರ ರೂಪಾಯಿ. ಅದೂ ನನ್ನ ದುಡ್ಡಲ್ಲ, ಮಗಳದು.

ನನ್ನ ಚಿಕ್ಕ ಮಗಳು ಬಿ.ಕಾಂ. ಓದುತ್ತಿದ್ದಾಗ ಗಿಟಾರ್ ಹಿಡಿದಳು. ಬೀದಿಯ ಮಕ್ಕಳಿಗೆ ಎರಡು ವರ್ಷ ಲೆಕ್ಕ ಹೇಳಿಕೊಟ್ಟು ಒಂದಿಷ್ಟು ಹಣ ಕೂಡಿಟ್ಟಿದ್ದಳು. ಒಂದು ದಿನ "ಅಮ್ಮ, ಪೆಡಲ್ ಕೊಳ್ಳಬೇಕು" ಎಂದಳು. ನನಗೆ ಪೆಡಲ್ ಎಂದರೆ ಹೊಲಿಗೆ ಯಂತ್ರದ್ದು, ಇಲ್ಲವೇ ಸೈಕಲ್ಲಿನದು. ಇದು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಕೂರುವ ಸಣ್ಣ ಡಬ್ಬಿಯಂತೆ. ಕಾಲಿನಿಂದ ಒತ್ತಿದರೆ ನಾದದ ಬಣ್ಣ ಬದಲಾಗುತ್ತದೆ.

ಶಿವಮೊಗ್ಗದಿಂದ ಬೆಂಗಳೂರಿಗೆ ಹೋದೆವು. ಜೊತೆಗೆ ನನ್ನ ಅಣ್ಣನ ಮಗನೂ ಇದ್ದ. ಅಂಗಡಿಯವನು ಮಾತಾಡಿದ್ದೆಲ್ಲ ಅವನೊಂದಿಗೆ. ಆ ಹುಡುಗನಿಗೆ ಗಿಟಾರಿಗೆ ಎಷ್ಟು ತಂತಿ ಎಂಬುದೂ ಗೊತ್ತಿಲ್ಲ. ನುಡಿಸುವವಳು ಪಕ್ಕದಲ್ಲೇ ನಿಂತಿದ್ದಳು, ದುಡ್ಡು ಅವಳ ಕೈಚೀಲದಲ್ಲಿತ್ತು. "ಹೊಸಬರಿಗೆ ಇದೇ ಸೆಟ್ಟು ಸಾರ್" ಎಂದು ಡಿಸ್ಟಾರ್ಷನ್, ಕೋರಸ್, ಡಿಲೇ ಎಂಬ ಮೂರು ಡಬ್ಬಿ ಕಟ್ಟಿಕೊಟ್ಟ. ಯಾವ ಗಿಟಾರಿಗೆ ಎಂದು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ.

ಮನೆಗೆ ಬಂದು ನೋಡಿದರೆ ವೈರು ಚುಚ್ಚಲು ಗಿಟಾರಿನಲ್ಲಿ ತೂತೇ ಇಲ್ಲ! ಅವಳದು ಮರದ ಹೊಟ್ಟೆಯ ಸಾದಾ ಅಕೂಸ್ಟಿಕ್ ಗಿಟಾರ್. ತಂತಿಯ ಕಂಪನವನ್ನು ವಿದ್ಯುತ್ತಿಗೆ ತಿರುಗಿಸುವ ಪಿಕಪ್ ಇಲ್ಲದವರಿಗೆ ಪೆಡಲ್ ಮಾರುವುದೆಂದರೆ ಒಲೆ ಇಲ್ಲದವರಿಗೆ ಕುಕ್ಕರ್ ಮಾರಿದ ಹಾಗೆ. ಫೋನ್ ಮಾಡಿದರೆ "ಮಾರಿದ ಸಾಮಾನು ವಾಪಸಿಲ್ಲ" ಎಂಬ ಉತ್ತರ. ನಮ್ಮ ಯಜಮಾನರು "ಹುಡುಗಿಗೆ ಇದೆಲ್ಲ ಯಾಕೆ ಅಂತ ನಾನು ಮೊದಲೇ ಹೇಳಿದ್ದೆ" ಎಂದರು. ಮಗಳು ಒಂದು ಮಾತೂ ಆಡದೆ ಗಿಟಾರನ್ನು ಮಂಚದ ಕೆಳಗೆ ತಳ್ಳಿದಳು. ನಾಲ್ಕು ತಿಂಗಳು ಅದು ಅಲ್ಲೇ ಇತ್ತು. ಹನ್ನೊಂದು ಸಾವಿರಕ್ಕಿಂತ ಆ ನಾಲ್ಕು ತಿಂಗಳಿಗೆ ನನ್ನ ಹೊಟ್ಟೆ ಉರಿಯಿತು.

ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನೇ ಒಂದು ಪಾಠ ಕಲಿಯಲು ನಾಚುವುದೇಕೆ? ಮಗಳನ್ನು ಕೂರಿಸಿಕೊಂಡು ಓದಿದೆ, ಬಲ್ಲವರನ್ನು ಕೇಳಿದೆ. ತಿಳಿದದ್ದು ಬ್ರಹ್ಮವಿದ್ಯೆಯೇನಲ್ಲ.

ಮೊದಲು ಗಿಟಾರಿಗೆ ಪಿಕಪ್ ಇದೆಯೇ ನೋಡಬೇಕು. ಆಮೇಲೆ ಆಂಪ್ಲಿಫೈಯರ್ ನೋಡಬೇಕು. ಹಲವು ಚಿಕ್ಕ ಆಂಪ್ಲಿಫೈಯರುಗಳಲ್ಲಿ ಒರಟು ನಾದವೂ ರಿವರ್ಬ್ ಎಂಬ ಮಾರ್ದನಿಯೂ ಒಳಗೇ ಇರುತ್ತವೆ. ಇದ್ದುದನ್ನೇ ಮತ್ತೆ ಕೊಳ್ಳುವುದೇಕೆ? ಹೊಸಬರ ಮೊದಲ ಖರ್ಚು ಟ್ಯೂನರಿಗೆ. ಗಿಟಾರಿನ ತುದಿಗೆ ಸಿಕ್ಕಿಸುವ ಕ್ಲಿಪ್ಪಿನದಾದರೂ ಸಾಕು. ಶ್ರುತಿ ಸೇರದ ವಾದ್ಯಕ್ಕೆ ಬಣ್ಣ ಹಚ್ಚಿದರೆ ಅಪಸ್ವರ ಮುಚ್ಚಿಹೋಗುವುದಿಲ್ಲ, ಎದ್ದು ಕಾಣುತ್ತದೆ. ಆಮೇಲೆ ಬೇಕಾದರೆ ಒಂದು ಓವರ್‌ಡ್ರೈವ್. ಮೆಲ್ಲಗೆ ಮೀಟಿದರೆ ತಿಳಿ, ಜೋರಾಗಿ ಮೀಟಿದರೆ ಒರಟು: ಅದು ಬೆರಳಿನ ಮಾತು ಕೇಳುತ್ತದೆ. ಡಿಸ್ಟಾರ್ಷನ್ ಹಾಗಲ್ಲ, ಮೆಲುವನ್ನೂ ಜೋರನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಕಲಿಯುವ ಬೆರಳಿಗೆ ತನ್ನ ತಪ್ಪು ತನಗೇ ಕೇಳದೆ ಹೋಗಬಹುದು.

ಜೋಡಿಸುವುದಕ್ಕೂ ಕ್ರಮವಿದೆ. ಸಾಮಾನ್ಯವಾಗಿ ಟ್ಯೂನರ್, ಓವರ್‌ಡ್ರೈವ್, ಕೋರಸ್, ಡಿಲೇ, ಕೊನೆಗೆ ರಿವರ್ಬ್. ಪ್ರತಿಧ್ವನಿ ಕೊಡುವ ಡಿಲೇಯನ್ನು ಓವರ್‌ಡ್ರೈವಿನ ಮುಂದಿಟ್ಟರೆ ಪ್ರತಿಧ್ವನಿಗಳೆಲ್ಲ ಕಲಸಿ ಮುದ್ದೆಯಾಗುತ್ತವೆ. ಹೆಚ್ಚಿನ ಪೆಡಲುಗಳು 9 ವೋಲ್ಟಿನವು, ಪ್ಲಗ್ಗಿನ ನಡುವೆ ನೆಗೆಟಿವ್. ಇದು ಅದಲುಬದಲಾದರೆ ಡಬ್ಬಿ ಸುಟ್ಟುಹೋಗಬಹುದು. ಆದ್ದರಿಂದ ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಚುಚ್ಚಕೂಡದು.

"ಒಂದೇ ಪೆಟ್ಟಿಗೆಯಲ್ಲಿ ನೂರು ಬಗೆಯ ನಾದ ಬರುತ್ತದಲ್ಲ, ಅದೇ ಅಗ್ಗವಲ್ಲವೇ?" ಎನ್ನುವವರಿದ್ದಾರೆ. ಲೆಕ್ಕಕ್ಕೆ ನಿಜ. ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರ ದೂರೂ ಇಲ್ಲ. ಆದರೆ ನೂರು ಬಗೆ ಸಿಕ್ಕ ಮಗು ಸಂಜೆಯೆಲ್ಲ ಗುಂಡಿ ತಿರುಗಿಸುತ್ತದೆ, ಸ್ವರ ಸಾಧಿಸುವುದಿಲ್ಲ. ಪಾಠಕ್ಕಿಂತ ಪೆನ್ಸಿಲ್ ಬಾಕ್ಸ್ ದೊಡ್ಡದಾದ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿಲ್ಲವೇ?

"ಇದೆಲ್ಲ ಕೃತಕ, ನಮ್ಮ ಸಂಗೀತವಲ್ಲ" ಎನ್ನುವವರದು ಇನ್ನೊಂದು ಗುಂಪು. ಅವರು ತಂಬೂರಿಯನ್ನು ಹತ್ತಿರದಿಂದ ನೋಡಿಲ್ಲ. ಕುದುರೆಯ ಮೇಲೆ ತಂತಿಯಡಿ ಒಂದೆಳೆ ದಾರವಿಟ್ಟು, ಅದನ್ನು ಸರಿಸಿ ಸರಿಸಿ ಆ ಝೇಂಕಾರ ಬರಿಸುತ್ತಾರೆ. ಆ ದಾರಕ್ಕೆ ನಮ್ಮವರಿಟ್ಟ ಹೆಸರು 'ಜೀವ'. ನಾದವನ್ನು ಬದಲಿಸುವ ಉಪಾಯ ಅದಲ್ಲದೆ ಮತ್ತೇನು? ಪಿಟೀಲು ಯುರೋಪಿನಿಂದ ಬಂದದ್ದು. ಮೈಸೂರಿನ ಟಿ. ಚೌಡಯ್ಯನವರು (1895–1967) ಅದರ ನಾದ ದೊಡ್ಡ ಸಭೆಗೆ ಸಾಲದೆಂದು ಏಳು ತಂತಿಯ ಪಿಟೀಲು ನುಡಿಸಿದರು. ಅವರನ್ನು ಕೃತಕ ಎಂದು ನಾವು ತಳ್ಳಿಹಾಕಲಿಲ್ಲ, ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವನ್ನೇ ಕಟ್ಟಿದೆವು.

ಇನ್ನು "ಹುಡುಗಿಗೆ ಯಾಕೆ" ಎನ್ನುವವರಿಗೆ ಒಂದು ಹೆಸರು ಸಾಕು. ಅಮೆರಿಕದ ಸಿಸ್ಟರ್ ರೊಸೆಟ್ಟಾ ಥಾರ್ಪ್ (1915–1973), ಚರ್ಚಿನ ಹಾಡು ಹಾಡುತ್ತಿದ್ದ ಕಪ್ಪು ಹೆಂಗಸು. ಕಾರ್ಖಾನೆಯಲ್ಲಿ ಮಾಡಿದ ಫಝ್ ಎಂಬ ಒರಟು ನಾದದ ಡಬ್ಬಿ ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಆಕೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಸಭೆಗಳನ್ನು ನಡುಗಿಸಿದ್ದಳು. ಅವಳ ಹಿಂದೆ ಬಂದ ಗಂಡಸರು ರಾಕ್ ಸಂಗೀತದ ದೊರೆಗಳಾದರು. ಅಲ್ಲಿಯ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಅವಳನ್ನು ಸೇರಿಸಿಕೊಂಡದ್ದು 2018ರಲ್ಲಿ, ಸತ್ತು ನಲವತ್ತೈದು ವರ್ಷದ ಮೇಲೆ. ಅಂಗಡಿಯವನ ಕಣ್ಣಿಗೆ ನನ್ನ ಮಗಳು ಕಾಣಿಸದೆ ಹೋದದ್ದರಲ್ಲಿ ಆಶ್ಚರ್ಯವೇನಿದೆ?

ಮುಂದಿನ ವರ್ಷ ಮಗಳು ಮತ್ತೆ ಪಾಠ ಹೇಳಿ ದುಡ್ಡು ಕೂಡಿಸಿ, ಕೈಬದಲಾದ ಎಲೆಕ್ಟ್ರಿಕ್ ಗಿಟಾರ್ ಮತ್ತು ಚಿಕ್ಕ ಆಂಪ್ಲಿಫೈಯರ್ ಕೊಂಡಳು. ಓವರ್‌ಡ್ರೈವ್ ಕೊಳ್ಳಲು ಇಬ್ಬರೇ ಬೇರೊಂದು ಅಂಗಡಿಗೆ ಹೋದೆವು. "ಯಾರಿಗೆ ಮೇಡಂ, ಮಗನಿಗಾ?" ಎಂದ. "ಇವಳಿಗೆ. ಇವಳನ್ನೇ ಕೇಳಿ" ಎಂದೆ. ಅವಳು ತನ್ನ ಗಿಟಾರನ್ನೇ ಚುಚ್ಚಿ, ಒಂದು ಗಂಟೆ ಕೂತು ನಾಲ್ಕು ಡಬ್ಬಿ ನುಡಿಸಿದಳು. ಯಾವುದೂ ಒಪ್ಪಿಗೆಯಾಗದೆ ಎದ್ದು ಬಂದೆವು. ಅಂಗಡಿಯವನ ಮುಖ ಸಣ್ಣದಾಯಿತು. ಆಗಲಿ. ಸೀರೆ ಅಂಗಡಿಯವರಿಗೆ ಇದು ಅಭ್ಯಾಸವಾಗಿಲ್ಲವೇ? ಇವರಿಗೂ ಆಗುತ್ತದೆ, ನಾವು ಬಾಯಿ ಬಿಟ್ಟರೆ.